ಬಯಲಿನ ಹಣ್ಣು ಬರೀ ಆರತಿಗೇ?

ಸೋದರಿಯರೆ, ಸಂಕ್ರಾಂತಿಯ ಸಂಜೆ ಮಕ್ಕಳಿಗೆ ಎಲಚಿ ಹಣ್ಣು ಎರೆದು ಆರತಿ ಎತ್ತುತ್ತೇವಲ್ಲ, ಮರುದಿನ ಆ ಹಣ್ಣು ಏನಾಗುತ್ತದೆ? ಎಷ್ಟೋ ಮನೆಗಳಲ್ಲಿ ಗುಡಿಸಿ ಹೊರಗೆ ಹಾಕಿಬಿಡುತ್ತಾರೆ. ಉತ್ಥಾನ ದ್ವಾದಶಿಯ ನೆಲ್ಲಿ ಕೊಂಬೆಯ ಪಾಡೂ ಅಷ್ಟೆ. ಪೂಜೆಗೆ ಬೇಕು, ಊಟಕ್ಕೆ ಬೇಡ!

ಎಲಚಿ, ಕಾಡುನೆಲ್ಲಿ, ಬೇಲ, ಕವಳಿ ಇವೆಲ್ಲ ನಮ್ಮ ಬಯಲುಸೀಮೆಯ ಕುರುಚಲು ನೆಲದ ಹಣ್ಣುಗಳು. ಹುಲ್ಲು, ಮುಳ್ಳುಗಿಡ, ಅಲ್ಲೊಂದು ಇಲ್ಲೊಂದು ಮರ ಇರುವ ಇಂಥ ನೆಲವನ್ನು ಭೂಗೋಳದವರು ಸವನ್ನಾ ಎನ್ನುತ್ತಾರೆ. ಗೊಬ್ಬರ, ನೀರು ಯಾರೂ ಕೊಡದಿದ್ದರೂ ಹಣ್ಣು ಮಾತ್ರ ತಪ್ಪದು.

ಇದರಲ್ಲಿ ನಮಗೇನು ಲಾಭ ಅಂತೀರಾ? ಕೇಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ರಾಗಿ, ಕಾಳು, ಸೊಪ್ಪು ತಿನ್ನುತ್ತೇವೆ, ನಿಜ. ಆದರೆ ಅವುಗಳಲ್ಲಿರುವ ಕಬ್ಬಿಣವನ್ನು ಮೈ ಸುಲಭವಾಗಿ ಹೀರಿಕೊಳ್ಳದು. ಅದೇ ಊಟದ ಜೊತೆ ‘ಸಿ’ ಜೀವಸತ್ವ ಇದ್ದರೆ ಹೀರಿಕೆ ಹೆಚ್ಚುತ್ತದೆ. ಹೆಂಗಸಿಗೆ ದಿನಕ್ಕೆ ಬೇಕಾದ ‘ಸಿ’ ಸುಮಾರು 65 ಮಿಲಿಗ್ರಾಂ. ನೂರು ಗ್ರಾಂ ನೆಲ್ಲಿಯಲ್ಲಿ ಸುಮಾರು 250 ಮಿಲಿಗ್ರಾಂ ಇದೆ. ಕಿತ್ತಳೆಯ ಐದಾರು ಪಟ್ಟು! ಎಲಚಿಯೂ ಕಿತ್ತಳೆಗೇನೂ ಕಡಿಮೆಯಿಲ್ಲ.

ಒಂದು ಎಚ್ಚರಿಕೆ. ಹೆಚ್ಚು ಹೊತ್ತು ಕುದಿಸಿದರೆ ‘ಸಿ’ ನಷ್ಟವಾಗುತ್ತದೆ. ಆದ್ದರಿಂದ ಹಸಿಯಾಗಿಯೇ ಈ ಚಟ್ನಿ ಮಾಡಿ ನೋಡಿ.

ನೆಲ್ಲಿಕಾಯಿ ಹಸಿ ಚಟ್ನಿ: ಹತ್ತು ಹನ್ನೆರಡು ಕಾಡುನೆಲ್ಲಿ (ಊರನೆಲ್ಲಿಯಾದರೆ ಮೂರು) ಬೀಜ ತೆಗೆದು, ಅರ್ಧ ಬಟ್ಟಲು ಕಾಯಿತುರಿ, ಎರಡು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಉಪ್ಪು, ಚೂರು ಬೆಲ್ಲ ಸೇರಿಸಿ ರುಬ್ಬಿ. ಸಾಸಿವೆ, ಇಂಗಿನ ಒಗ್ಗರಣೆ ಆರಿದ ಮೇಲೆ ಹಾಕಿ. ರಾಗಿ ರೊಟ್ಟಿಗೆ ಬಲು ಸೊಗಸು. ಊಟವಾದ ಕೂಡಲೇ ಕಾಫಿ, ಟೀ ಕುಡಿಯಬೇಡಿ, ಅವು ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತವೆ. ಒಂದು ಗಂಟೆ ತಡೆಯಿರಿ.

ಪುಟ್ಟ ಮಕ್ಕಳಿಗೆ ಎಲಚಿ ಕೊಡುವಾಗ ಬೀಜ ತೆಗೆದೇ ಕೊಡಿ. ಆಯಾಸ, ಎದೆಬಡಿತ, ಮುಖ ಬಿಳಿಚುವುದು ಇದ್ದರೆ ಹಣ್ಣನ್ನೇ ನಂಬಿ ಕೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಡಾಕ್ಟರು ಕೊಟ್ಟ ಮಾತ್ರೆ ಬಿಡಬೇಡಿ.

ಗೋಮಾಳಗಳು ಸೈಟುಗಳಾಗುತ್ತಿವೆ, ಎಲಚಿ ಮರಗಳು ಉರುಳುತ್ತಿವೆ. ಬೇಡದ ಹಣ್ಣಿನ ಮರವನ್ನು ಯಾರು ತಾನೆ ಉಳಿಸಿಯಾರು? ಸಂತೆಯಲ್ಲಿ ಸೇರಿನಲ್ಲಿ ಅಳೆದು ಕೊಡುವ ಅಜ್ಜಿಯ ಹತ್ತಿರ ಹಬ್ಬವಿಲ್ಲದ ದಿನವೂ ಕೊಳ್ಳಿ. ಮನೆಗೆ ತಂದ ಮೇಲೆ ಗಂಡನಿಗೆ, ಮಕ್ಕಳಿಗೆ ಹಂಚಿ ಬರಿ ಬುಟ್ಟಿ ತೊಳೆದಿಡುತ್ತೀರಲ್ಲ, ಆ ಅಭ್ಯಾಸ ಬೇಡ. ನಿಮ್ಮ ಪಾಲನ್ನು ಮೊದಲೇ ತೆಗೆದಿಡಿ.