ಗಂಡಸಿನ ಎದೆಯ ಗಂಟಿಗೆ ಲೆಕ್ಕವಿಲ್ಲವೆ?

ಮೈತುಂಬ ಮೆತ್ತನೆಯ ಗಂಟುಗಳೆದ್ದ ಮನುಷ್ಯರನ್ನು ತುಮಕೂರಿನ ಬಸ್ ನಿಲ್ದಾಣದಲ್ಲಿ, ಗುಬ್ಬಿ-ಕುಣಿಗಲ್ಲಿನ ಸಂತೆಗಳಲ್ಲಿ ನಾವು ನೋಡಿದ್ದೇವೆ. ನೋಡಿ ಅತ್ತ ಸರಿದಿದ್ದೇವೆ. ಅವರ ಕೈಯಿಂದ ಚಿಲ್ಲರೆ ಪಡೆಯಲೂ ಹಿಂಜರಿಯುವವರುಂಟು. ಕೆಲವರು ಕುಷ್ಠವೆನ್ನುತ್ತಾರೆ, ಕೆಲವರು ನಾಗದೋಷವೆಂದು ಶಾಂತಿ ಮಾಡಿಸಲು ಸಾಲಕ್ಕೆ ದೂಡುತ್ತಾರೆ. ಎರಡೂ ಸುಳ್ಳು. ಇದು ಅಂಟುಜಾಡ್ಯವಲ್ಲ. ಜರ್ಮನಿಯ ವೈದ್ಯ ರೆಕ್ಲಿಂಗ್‌ಹೌಸನ್ 1882ರಲ್ಲಿ ವಿವರಿಸಿದ, ನ್ಯೂರೋಫೈಬ್ರೊಮಟೋಸಿಸ್ ಎಂಬ ಹುಟ್ಟುರೋಗ. ಸುಮಾರು 3000 ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. ಅವರಲ್ಲಿ ಅರ್ಧದಷ್ಟು ಮಂದಿಯ ತಂದೆತಾಯಿಗೆ ಈ ರೋಗವೇ ಇರುವುದಿಲ್ಲ. ಹೆತ್ತವರ ಪಾಪವೆನ್ನುವ ಪಂಡಿತರು ಇದಕ್ಕೇನೆನ್ನುತ್ತಾರೆ?

ಮೈಮೇಲಿನ ಆ ಗಂಟುಗಳು ಬಹುತೇಕ ನಿರಪಾಯ. ಆದರೆ ಜೀವಕೋಶಗಳ ಬೆಳವಣಿಗೆಗೆ ಮೂಗುದಾರ ಹಾಕುವ ಜೀನೊಂದು ಇವರಲ್ಲಿ ಕೆಟ್ಟಿರುತ್ತದೆ. ಇಂಥ ಹೆಂಗಸರಿಗೆ 50 ವರ್ಷದೊಳಗೆ ಸ್ತನದ ಕ್ಯಾನ್ಸರಿನ ಭಯ ಇತರರಿಗಿಂತ ನಾಲ್ಕೈದು ಪಟ್ಟು. ಗಂಡಸರಿಗೂ ಸ್ತನದ ಕ್ಯಾನ್ಸರು ಬರುತ್ತದೆ, ನೂರು ರೋಗಿಗಳಲ್ಲಿ ಸುಮಾರು ಒಬ್ಬನಿಗೆ. ಎರಡೂ ಒಬ್ಬ ಗಂಡಸಿನ ಮೈಯಲ್ಲಿ ಕೂಡುವುದು ತೀರ ವಿರಳ. ವೈದ್ಯರು ಒಬ್ಬೊಬ್ಬ ರೋಗಿಯ ವರದಿಯಾಗಿ ಬರೆದಿಟ್ಟಿದ್ದಾರೆ.

ಈ "ವಿರಳ" ಎಂಬ ಮಾತೇ ಬಡವನಿಗೆ ಮುಳುವು. ಎದೆಯಲ್ಲಿ ಹೊಸ ಗಂಟೆದ್ದರೆ ಅವನೂ, ಮನೆಯವರೂ, ಆತುರದ ವೈದ್ಯನೂ "ನೂರರ ಜೊತೆ ಇನ್ನೊಂದು" ಎಂದುಬಿಡುತ್ತಾರೆ. ಅಂಗಿ ಬಿಚ್ಚಿಸಿ ನೋಡುವವರಿಲ್ಲ. ಮೊಲೆತೊಟ್ಟಿನ ಹಿಂದೆ ಗಟ್ಟಿ ಗಂಟು, ತೊಟ್ಟು ಒಳಕ್ಕೆ ಸೆಳೆದುಕೊಳ್ಳುವುದು, ರಕ್ತ ಒಸರುವುದು, ಕಂಕುಳಲ್ಲಿ ಗಡ್ಡೆ: ಇವನ್ನು ಮೈಗಂಟೆಂದು ತಳ್ಳಿಹಾಕುವಂತಿಲ್ಲ, ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಲೇಬೇಕು. ಹೆಂಗಸರ ರೋಗವೆಂದು ನಾಚಿ ಮುಚ್ಚಿಟ್ಟವನು ಕೊನೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕಾಯಿಲೆ ಕಂಕುಳು ದಾಟಿರುತ್ತದೆ.

ಇನ್ನು ಅನ್ನದ ಮಾತು. ಇ.ಎಸ್.ಐ. ಇರುವ ಗಿರಣಿ ಕಾರ್ಮಿಕನಿಗೆ ಕ್ಯಾನ್ಸರಾದರೆ, ಸಾಕಷ್ಟು ಕಾಲ ವಂತಿಗೆ ಕಟ್ಟಿದ್ದಲ್ಲಿ, ಕೂಲಿಯ ನೂರಕ್ಕೆ 80 ಪಾಲು ಎರಡು ವರ್ಷದವರೆಗೆ ಸಿಗುವ ಹಕ್ಕಿದೆ. ಹಾಜರಿ ಪುಸ್ತಕದಲ್ಲಿ ಹೆಸರೇ ಬರೆಯದ ಧಣಿ ಕದಿಯುವುದು ಈ ಹಣವನ್ನು! ಚಿಲ್ಲರೆ ಅಂಗಡಿಯವನ ಗತಿ ಇನ್ನೂ ಕಷ್ಟ. ಆಯುಷ್ಮಾನ್ ಕಾರ್ಡು ಆಸ್ಪತ್ರೆಯ ಖರ್ಚಿಗೆ ಆಗುತ್ತದೆ, ಮುಚ್ಚಿದ ಅಂಗಡಿಯ ಬಾಡಿಗೆಗೆ ಆಗುವುದಿಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ಗುಬ್ಬಿ, ಕುಣಿಗಲ್ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೈಗಂಟಿನವರ ಪಟ್ಟಿಯಾಗಲಿ. ವರ್ಷಕ್ಕೊಮ್ಮೆ, ಹೆಣ್ಣಾಗಲಿ ಗಂಡಾಗಲಿ, ಎದೆ ಮುಟ್ಟಿ ನೋಡಲಿ. ಸಂಶಯವಿದ್ದರೆ ಪರೀಕ್ಷೆಗೆ ಹೋಗುವ ದಿನದ ಕೂಲಿಯನ್ನೂ ಬಸ್ ಚಾರ್ಜನ್ನೂ ಸರ್ಕಾರ ಕೊಡಲಿ. ಬಂಧುಗಳೇ, ನಿಮ್ಮ ಗಿರಣಿಯಲ್ಲಿ ಅಂಥವರೊಬ್ಬರಿದ್ದರೆ ಈ ಹಾಳೆಯನ್ನು ಅವರಿಗೆ ಓದಿ ಹೇಳಿ.