ಕಾರು ಲೋ ಮಾಡಿಸುವ ಮುಂಚೆ ಟೈರ್ ಮುಟ್ಟಿ ನೋಡಿ

ಆರನೇ ಸೆಮಿಸ್ಟರ್ ಪರೀಕ್ಷೆಯಲ್ಲಿ ‘ಕ್ಯಾಂಬರ್ ಮತ್ತು ಟೋ ಎಂದರೇನು? ಚಿತ್ರ ಸಹಿತ ವಿವರಿಸಿ’ ಎಂಬ ಪ್ರಶ್ನೆ ಬಂದಿತ್ತು. ಎರಡು ಪುಟ ತುಂಬಿಸಿದ್ದೆ, ಒಳ್ಳೆಯ ಅಂಕವೂ ಬಂತು. ಆ ಹೊತ್ತಿಗೆ ಕಾಲೇಜಿನ ಪಾರ್ಕಿಂಗ್‌ನಲ್ಲಿ ನಿಂತಿದ್ದ ನನ್ನ ಸೆಕೆಂಡ್ ಹ್ಯಾಂಡ್ ಕಾರಿನ ಮುಂದಿನ ಎರಡೂ ಟೈರುಗಳು ಒಳಬದಿಯಲ್ಲಿ ಸವೆದು ತಂತಿ ಕಾಣಿಸುವ ಹಂತಕ್ಕೆ ಬಂದಿದ್ದವು. ಉತ್ತರ ಬರೆದವನಿಗೆ ಅದು ಗೊತ್ತೇ ಇರಲಿಲ್ಲ.

ನಮ್ಮ ಕರಾವಳಿಯಲ್ಲಿ ಕಾರು ‘ಲೋ’ ಮಾಡಿಸುವ ಹುಚ್ಚು ಹೊಸದೇನಲ್ಲ. ನನಗೂ ಹಿಡಿಯಿತು. ಅಲಾಯ್ ವೀಲ್, ಅದರ ಮೇಲೆ ಎರಡು ಬೆರಳು ತೂರದಷ್ಟು ಹತ್ತಿರ ಮಡ್‌ಗಾರ್ಡ್, ಸಂಜೆ ಮಲ್ಪೆ ಬೀಚಿನ ಹತ್ತಿರ ನಿಲ್ಲಿಸಿ ಒಂದು ಫೋಟೊ. ಲೋವರಿಂಗ್ ಸ್ಪ್ರಿಂಗ್ ಸೆಟ್ ಕೊಳ್ಳುವಷ್ಟು ದುಡ್ಡಿರಲಿಲ್ಲ. ಒಂದು ಗ್ಯಾರೇಜಿನಲ್ಲಿ ಕಾರಿನದೇ ಸ್ಪ್ರಿಂಗನ್ನು ಕಟರ್‌ನಿಂದ ಒಂದೊಂದು ಸುತ್ತು ಕತ್ತರಿಸಿ ಕೊಟ್ಟರು. ಅಲೈನ್‌ಮೆಂಟ್ ಮಾಡಿಸಬೇಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಇನ್ನಷ್ಟು ಗಟ್ಟಿಯಾಗುತ್ತದೆ. ಹಾಗಾಗಿ ಪ್ರತಿ ಹಂಪಿಗೂ ಬೆನ್ನಿಗೆ ಗುದ್ದು. ಅದಕ್ಕೆ ನಾನೇ ಒಂದು ಮದ್ದು ಕಂಡುಕೊಂಡೆ: ಕಾರು ಮೆತ್ತಗೆ ಹೋಗಲಿ ಎಂದು ಟೈರಿನ ಗಾಳಿಯನ್ನು 24 ಪಿಎಸ್‌ಐಗೆ ಇಳಿಸಿದೆ.

ಕಳೆದ ಮಳೆಗಾಲದಲ್ಲಿ ಮೂವರು ಗೆಳೆಯರ ಜೊತೆ ಮಂಗಳೂರಿನಲ್ಲಿ ಕ್ಯಾಂಪಸ್ ಸಂದರ್ಶನ ಮುಗಿಸಿ ವಾಪಸಾಗುತ್ತಿದ್ದೆವು. ಪಡುಬಿದ್ರಿ ದಾಟಿದ ಮೇಲೆ ಹೆದ್ದಾರಿಯ ಒಂದು ಕಡೆ ನೀರು ನಿಂತಿತ್ತು. ವೇಗ ಎಪ್ಪತ್ತರ ಆಸುಪಾಸು. ನೀರಿಗೆ ಇಳಿದ ಕೂಡಲೇ ಸ್ಟೀರಿಂಗ್ ಹಗುರಾಯಿತು, ಕೈಯಲ್ಲಿ ಏನೂ ಇಲ್ಲದ ಹಾಗೆ. ಕಾರು ತನ್ನಷ್ಟಕ್ಕೆ ಡಿವೈಡರ್ ಕಡೆ ತೇಲಿತು. ಒಂದೆರಡು ಸೆಕೆಂಡ್ ಇರಬಹುದು. ಮತ್ತೆ ಹಿಡಿತ ಸಿಕ್ಕಿತು, ಯಾರಿಗೂ ಏನೂ ಆಗಲಿಲ್ಲ. ಉಡುಪಿ ತಲುಪುವವರೆಗೆ ಹಿಂದಿನ ಸೀಟಿನಲ್ಲಿ ಒಬ್ಬನೂ ಮಾತಾಡಲಿಲ್ಲ.

ಮರುದಿನ ಮನೆ ಹತ್ತಿರದ ಪಂಕ್ಚರ್ ಅಂಗಡಿಯ ಅಣ್ಣ ಜಾಕ್ ಕೊಟ್ಟು ಚಕ್ರ ಬಿಚ್ಚಿದರು. ಟೈರನ್ನು ನನ್ನ ಕಡೆ ತಿರುಗಿಸಿ, ‘ಇದರಲ್ಲಾ ಮಂಗಳೂರಿಗೆ ಹೋಗಿ ಬಂದದ್ದು ಮಾರಾಯ?’ ಎಂದು ಕೇಳಿದರು. ಹೊರಗಿನ ಅರ್ಧ ಹೊಸದರಂತಿತ್ತು. ಒಳಗಿನ ಅಂಚಿನಲ್ಲಿ ಗೆರೆಯೇ ಇಲ್ಲ, ಬೋಳು. ಒಂದು ಕಡೆ ತಂತಿ ಹೊಳೆಯುತ್ತಿತ್ತು. ಲೋ ಮಾಡಿಸಿದ ಕಾರಿನ ದೊಡ್ಡ ಮೋಸ ಇದೇ. ಸವೆಯುವುದು ಒಳಗೆ, ಕಾಣುವುದು ಹೊರಗಿನದು ಮಾತ್ರ. ಬಗ್ಗಿ ನೋಡೋಣ ಎಂದರೂ ಮಡ್‌ಗಾರ್ಡ್ ಅಡ್ಡ.

ಆಮೇಲೆ ನನ್ನದೇ ನೋಟ್ಸ್ ತೆಗೆದು ಓದಿದೆ, ಈ ಸಲ ಅಂಕಕ್ಕಲ್ಲ. ಕಾರು ಕೆಳಗಿಳಿದಾಗ ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್‌ನ ಕೋನ ಬದಲಾಗುತ್ತದೆ. ಆಗ ಎದುರಿನಿಂದ ನೋಡಿದರೆ ಚಕ್ರದ ತಲೆ ಒಳಕ್ಕೆ, ಕಾಲು ಹೊರಕ್ಕೆ ವಾಲುತ್ತದೆ. ಇದು ನೆಗೆಟಿವ್ ಕ್ಯಾಂಬರ್. ಸ್ಟೀರಿಂಗಿನ ಟೈ ರಾಡ್ ಕೂಡ ಆರ್ಮ್ ಜೊತೆಗೇ ಏಳುತ್ತದೆ, ಆದರೆ ಎರಡೂ ತಿರುಗುವ ಕಮಾನು ಒಂದೇ ಅಲ್ಲ. ಹಾಗಾಗಿ ನಾವು ಸ್ಟೀರಿಂಗ್ ಮುಟ್ಟದಿದ್ದರೂ ಚಕ್ರ ಸ್ವಲ್ಪ ಹೊರಳಿಬಿಡುತ್ತದೆ. ಇದು ಟೋ. ಒಳಕ್ಕೋ ಹೊರಕ್ಕೋ ಎಂಬುದು ಕಾರಿನಿಂದ ಕಾರಿಗೆ ಬೇರೆ. ನನ್ನದರಲ್ಲಿ ಎರಡೂ ಚಕ್ರ ಬಾತುಕೋಳಿಯ ಪಾದದಂತೆ ಹೊರಕ್ಕೆ ಹೊರಳಿದ್ದವು.

ಗೆಳೆಯರೆಲ್ಲ ಬೈಯುವುದು ಕ್ಯಾಂಬರನ್ನು. ನನ್ನ ಪ್ರಕಾರ ಟೈರ್ ತಿನ್ನುವ ನಿಜವಾದ ಕಳ್ಳ ಟೋ. ಲೆಕ್ಕ ಹಾಕಿ ನೋಡಿ. ಒಂದು ಚಕ್ರ ಅರ್ಧ ಡಿಗ್ರಿ ಹೊರಳಿದರೆ ರಿಮ್ಮಿನ ಅಂಚಿನಲ್ಲಿ ಅದು ಸುಮಾರು 3 ಮಿಲಿಮೀಟರ್, ಕಣ್ಣಿಗೆ ಕಾಣುವುದಿಲ್ಲ. ಆದರೆ ಪ್ರತಿ ಕಿಲೋಮೀಟರಿಗೆ ಆ ಟೈರ್ ಸುಮಾರು 9 ಮೀಟರ್ ಅಡ್ಡಕ್ಕೆ ಉಜ್ಜಿಕೊಳ್ಳುತ್ತದೆ. ಉಡುಪಿಯಿಂದ ಮಂಗಳೂರಿಗೆ ಸುಮಾರು 55 ಕಿ.ಮೀ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ದೂರ ಟೈರನ್ನು ಡಾಂಬರಿನ ಮೇಲೆ ಅಡ್ಡಡ್ಡ ಎಳೆದ ಹಾಗೆ. ಕ್ಯಾಂಬರ್‌ನಿಂದ ಭಾರ ಮೊದಲೇ ಒಳ ಅಂಚಿಗೆ ಬಿದ್ದಿತ್ತು, ಉಜ್ಜಿದ್ದೂ ಅದೇ ಅಂಚು. ಗಾಳಿ ಕಡಿಮೆ ಇಟ್ಟಿದ್ದರಿಂದ ಅಂಚುಗಳ ಮೇಲೆ ಇನ್ನಷ್ಟು ಭಾರ. ನೀರನ್ನು ಹೊರಕ್ಕೆ ತಳ್ಳಬೇಕಾದ ಗೆರೆಗಳೇ ಇಲ್ಲದಿದ್ದ ಮೇಲೆ ಪಡುಬಿದ್ರಿಯಲ್ಲಿ ಆದದ್ದು ಆಗಲೇಬೇಕಿತ್ತು.

‘ರೇಸ್ ಕಾರಿನಲ್ಲೂ ಕ್ಯಾಂಬರ್ ಇರುತ್ತದಲ್ಲ’ ಎಂದು ವಾದಿಸುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಇರುತ್ತದೆ. ತಿರುವಿನಲ್ಲಿ ಕಾರು ವಾಲಿದಾಗ ಹೊರಗಿನ ಚಕ್ರ ನೇರವಾಗಿ ನಿಲ್ಲಲಿ ಎಂಬ ಲೆಕ್ಕಾಚಾರ ಅದು. ನಾವು ಓಡಿಸುವುದು ನೇರ ಹೆದ್ದಾರಿಯಲ್ಲಿ, ಅದೂ ಅಪ್ಪನ ಪೆಟ್ರೋಲ್ ದುಡ್ಡಿನಲ್ಲಿ. ಅಲ್ಲದೆ ರೇಸಿನವರು ಪ್ರತಿ ಸುತ್ತಾಟಕ್ಕೂ ಟೈರ್ ಮುಟ್ಟಿ, ಅಳೆದು ನೋಡುತ್ತಾರೆ. ಅದನ್ನು ಮಾತ್ರ ನಾವು ಕಲಿಯಲಿಲ್ಲ.

ಗಾಳಿಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ತುಂಬಾ ಜನ ಮಾಡುತ್ತಾರೆ. ಕೆಲವರು ಉಲ್ಟಾ, ಲೋ ಕಾರು ಎಂದು 40 ತುಂಬಿಸುತ್ತಾರೆ. ಕಾರು ಕೆಳಗಿಳಿದರೆ ಅದರ ತೂಕವೇನೂ ಬದಲಾಗುವುದಿಲ್ಲ. ಟೈರಿನ ಅಳತೆ ಮೊದಲಿನದೇ ಆಗಿದ್ದರೆ ಬೇಕಾದ ಗಾಳಿಯೂ ಮೊದಲಿನದೇ. ಆ ಸಂಖ್ಯೆ ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ; ನನ್ನದರಲ್ಲಿ 30. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ಗಾಳಿ ಹಾಕಿಸಬಾರದು. ಚೀಟಿಯ ಸಂಖ್ಯೆ ಟೈರ್ ತಣ್ಣಗಿದ್ದಾಗಿನದು. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಬಂಕಿನಲ್ಲಿ ನೋಡಿದರೆ ಹೆಚ್ಚು ತೋರಿಸುತ್ತದೆ, ಅದನ್ನು ಇಳಿಸಿದರೆ ಬೆಳಗ್ಗೆ ಕಡಿಮೆಯಾಗಿರುತ್ತದೆ. ದೊಡ್ಡ ರಿಮ್, ತೆಳು ಟೈರ್ ಹಾಕಿಸಿದವರು ಮಾತ್ರ ಅಳತೆಯ ಕೊನೆಯಲ್ಲಿರುವ ಲೋಡ್ ಇಂಡೆಕ್ಸ್ ನೋಡಬೇಕು. 82 ಎಂದಿದ್ದರೆ ಆ ಟೈರ್ 475 ಕೆ.ಜಿ. ಹೊರಬಲ್ಲದು, 80 ಎಂದರೆ 450. ಹಳೆಯದಕ್ಕಿಂತ ಕಡಿಮೆ ಇದ್ದರೆ ಹಾಕಿಸಲೇಬೇಡಿ.

ಅಲೈನ್‌ಮೆಂಟ್ ಅಂಗಡಿಗೆ ಹೋದರೆ ಕೆಲವೊಮ್ಮೆ ಬ್ಯಾಲೆನ್ಸಿಂಗ್ ಮಾಡಿ ಕಳಿಸುತ್ತಾರೆ. ಎರಡೂ ಬೇರೆ. ಬ್ಯಾಲೆನ್ಸಿಂಗ್ ನಡುಕ ನಿಲ್ಲಿಸುತ್ತದೆ, ಚಕ್ರದ ಕೋನವನ್ನು ಸರಿ ಮಾಡುವುದಿಲ್ಲ. ಮೊದಲು ಗಾಳಿ ಸರಿ ಮಾಡಿಸಿ, ಆಮೇಲೆ ಮೆಷಿನ್‌ಗೆ ಹಾಕಿಸಿ, ಮುಂಚಿನ ಮತ್ತು ನಂತರದ ಪ್ರಿಂಟ್‌ಔಟ್ ಕೇಳಿ ತೆಗೆದುಕೊಳ್ಳಿ. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ತಿರುಗಿಸಿ ಸರಿಪಡಿಸಲು ಆಗುವುದು ಮುಂದಿನ ಟೋ ಒಂದೇ. ಕ್ಯಾಂಬರ್ ಸರಿ ಮಾಡಲು ಬೇರೆ ಬೋಲ್ಟ್ ಬೇಕು, ಹಿಂದಿನ ಚಕ್ರ ಇದ್ದ ಹಾಗೇ. ‘ಎಲ್ಲ ಸೆಟ್ ಮಾಡಿದ್ದೇವೆ ಸರ್’ ಎಂದರೆ ಏನನ್ನು ಎಂದು ಕೇಳುವ ಹಕ್ಕು ನಮಗಿದೆ. ಲೋ ಮಾಡಿಸಿ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಸ್ಪ್ರಿಂಗ್ ಕೂರುತ್ತದೆ, ಆಗ ಮತ್ತೊಮ್ಮೆ ನೋಡಿಸಬೇಕು.

ಕಾನೂನಿನ ಮಾತೂ ಇದೆ. ಕಾರಿನ ಟೈರ್ ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ, ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಬಹುದು. ಆದರೆ ಬರೀ ದಂಡದ ಹೆದರಿಕೆಯಿಂದ ನಮ್ಮ ವಯಸ್ಸಿನವರು ಏನನ್ನೂ ಬಿಟ್ಟವರಲ್ಲ. ಹಾಗಾಗಿ ‘ಲೋ ಮಾಡಿಸಲೇಬೇಡಿ’ ಎಂದು ದೊಡ್ಡವರ ಹಾಗೆ ಬೋಧನೆ ಮಾಡುವುದಕ್ಕಿಂತ ಇಷ್ಟು ಹೇಳುತ್ತೇನೆ: ಸರಿಯಾದ ಸ್ಪ್ರಿಂಗಿಗೂ ಅಲೈನ್‌ಮೆಂಟಿಗೂ ದುಡ್ಡಿಲ್ಲ ಎಂದರೆ ಲೋ ಮಾಡಿಸಲೂ ದುಡ್ಡಿಲ್ಲ ಎಂದೇ ಅರ್ಥ. ನಾನು ಸ್ಪ್ರಿಂಗಿನಲ್ಲಿ ಉಳಿಸಿದ್ದಕ್ಕಿಂತ ಎರಡು ಹೊಸ ಟೈರಿಗೆ ಕೊಟ್ಟದ್ದೇ ಹೆಚ್ಚು. ಈಗ ಕಾರಿನಲ್ಲಿ ಕಂಪನಿ ಸ್ಪ್ರಿಂಗೇ ಇದೆ. ನೋಡಲು ಸ್ವಲ್ಪ ಕೊಕ್ಕರೆ ತರಹ ಕಾಣುತ್ತದೆ, ಒಪ್ಪುತ್ತೇನೆ.

ತಿಂಗಳಿಗೊಮ್ಮೆ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಕಾರು ನಿಲ್ಲಿಸಿ, ಟೈರಿನ ಒಳ ಅಂಚಿನ ಮೇಲೆ ಅಂಗೈ ಆಡಿಸುತ್ತೇನೆ. ಒಂದು ಕಡೆಗೆ ನುಣುಪು, ವಾಪಸ್ ಬರುವಾಗ ಗರಗಸದ ಹಾಗೆ ಕೈಗೆ ತಾಗಿದರೆ ಟೋ ತಪ್ಪಿದೆ ಎಂದೇ ಲೆಕ್ಕ. ತಂತಿ ಎದ್ದಿದ್ದರೆ ಕೈ ಕುಯ್ಯುತ್ತದೆ, ಹಾಗಾಗಿ ಮೊದಲು ಕಣ್ಣಲ್ಲಿ ನೋಡಿ.

ಮೊನ್ನೆ ಜೂನಿಯರ್ ಒಬ್ಬ ಫೋನ್ ಮಾಡಿದ್ದ. ‘ಅಣ್ಣ, ನಿಮ್ಮ ಕಾರು ಲೋ ಮಾಡಿದ್ದು ಯಾವ ಗ್ಯಾರೇಜಲ್ಲಿ?’ ಎಂದು ಕೇಳಿದ. ಅದು ಆಮೇಲೆ ಹೇಳುವ, ನಿನ್ನ ಬಾಗಿಲ ಹತ್ತಿರದ ಚೀಟಿಯಲ್ಲಿ ಎಷ್ಟಿದೆ ಎಂದು ಕೇಳಿದೆ.

‘ಯಾವ ಚೀಟಿ ಅಣ್ಣ?’ ಎಂದ.