ನೋವಿಗೂ ಸರ್ಟಿಫಿಕೇಟು

ಅಮೆರಿಕದ ವಲಸೆ ಪ್ರಕರಣಗಳಲ್ಲಿ ಮನಶ್ಶಾಸ್ತ್ರಜ್ಞರು ಬರೆದುಕೊಡುವ ವರದಿಗಳ ಮೇಲೆ ಒಂದು ಆರೋಪವಿದೆ: ಅವೆಲ್ಲ ದುಡ್ಡು ಕೊಟ್ಟು ಬರೆಸಿಕೊಂಡವು. ಹೌದು, ಎಷ್ಟೋ ವರದಿಗಳು ದುಡ್ಡು ಕೊಟ್ಟೇ ಬರೆಸಿಕೊಂಡವು. ಸರ್ಕಾರ ಬರೆಸಿಕೊಡುವುದಿಲ್ಲವಲ್ಲ! ಅಲ್ಲಿನ ವಲಸೆ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ, ಖರ್ಚು ಮಾತ್ರ ಅವರವರದ್ದೇ. ವಕೀಲರ ಪಾಡೇ ಹೀಗಿರುವಾಗ ಮನಶ್ಶಾಸ್ತ್ರಜ್ಞರ ಮಾತು ಎಲ್ಲಿಂದ ಬಂತು?

ಈ ವರದಿ ಬೇಕಾಗುವಂತೆ ಮಾಡಿದ್ದೇ ಕಾನೂನು. 2005ರ ರಿಯಲ್ ಐಡಿ ಕಾಯ್ದೆಯ ಪ್ರಕಾರ, ಆಶ್ರಯ ಕೋರಿದವರ ಹೇಳಿಕೆಯಲ್ಲಿ ಚಿಕ್ಕ ವ್ಯತ್ಯಾಸ ಕಂಡರೂ, ಅದು ಪ್ರಕರಣದ ತಿರುಳಿಗೆ ಸಂಬಂಧವಿಲ್ಲದ್ದಾದರೂ, ನ್ಯಾಯಾಧೀಶರು ಅದನ್ನೇ ಹಿಡಿದು ನಂಬದಿರಬಹುದು. ಠಾಣೆಯಲ್ಲಿ ಹೊಡೆತ ತಿಂದವನಿಗೆ ಬೂಟಿನ ಸದ್ದು ನೆನಪಿರುತ್ತದೆ, ತಾರೀಖು ಮರೆತಿರುತ್ತದೆ. ಇದು ಸುಳ್ಳಲ್ಲ, ಪೆಟ್ಟು ತಿಂದ ಮನಸ್ಸಿನ ರೀತಿಯೇ ಹಾಗೆ ಎಂದು ತಿಳಿದವರೊಬ್ಬರು ಬರೆದು ಹೇಳಬೇಕು. ‘ಫಿಜಿಶಿಯನ್ಸ್ ಫಾರ್ ಹ್ಯೂಮನ್ ರೈಟ್ಸ್’ ಸಂಸ್ಥೆಯ ವೈದ್ಯರು ಇದನ್ನು ಪುಕ್ಕಟೆ ಮಾಡುತ್ತಾರೆ. 2008ರಿಂದ 2018ರವರೆಗೆ ಅವರು ಪರೀಕ್ಷಿಸಿದವರ ಪ್ರಕರಣಗಳಲ್ಲಿ ಶೇ. 81.6 ಗೆದ್ದವು, ದೇಶದ ಸರಾಸರಿ ಶೇ. 42.4. (ಅವರ ಹತ್ತಿರ ಬಂದವರಿಗೆ ಮೊದಲೇ ಒಳ್ಳೆಯ ವಕೀಲರಿದ್ದರು ಎಂಬುದೂ ನಿಜ. ಅಂಕಿಯನ್ನು ಅಷ್ಟರ ಮಟ್ಟಿಗೆ ಇಳಿಸಿಕೊಂಡೇ ಓದಿ.)

ಹೆಸರು ಬದಲಿಸಿ ಅಚ್ಚು ಹಾಕಿದಂಥ ವರದಿಗಳನ್ನು ನಾನು ಸಮರ್ಥಿಸುವುದಿಲ್ಲ. ಅಂಥದ್ದೊಂದು ಸಿಕ್ಕಿಬಿದ್ದರೆ ನಿಜವಾಗಿ ನೊಂದ ಹತ್ತು ಜನರ ವರದಿಯೂ ಅನುಮಾನಕ್ಕೆ ಬೀಳುತ್ತದೆ. ಆದರೆ ಚಿಂತೆ ಅದೇ ಆಗಿದ್ದರೆ, ಸರ್ಕಾರವೇ ಸಂಬಳ ಕೊಟ್ಟು ಸ್ವತಂತ್ರ ತಜ್ಞರನ್ನು ನೇಮಿಸಲಿ ಎಂದು ಈ ಟೀಕಾಕಾರರು ಯಾಕೆ ಕೇಳುವುದಿಲ್ಲ?

ಈಗ ನಮ್ಮವರ ಮನೆಗೆ ಬನ್ನಿ. ಎಚ್-1ಬಿ ಎಂಬ ಕೆಲಸದ ವೀಸಾದ ಗಂಡನ ಜೊತೆ, ಅವನ ಅವಲಂಬಿತಳಾಗಿ ಎಚ್-4 ವೀಸಾದಲ್ಲಿ ಹೋದ ಬೆಂಗಳೂರಿನ ಹುಡುಗಿ. ಗಂಡ ಹೊಡೆಯುತ್ತಾನೆ. ಅವನು ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡುದಾರನೋ ಆಗಿದ್ದರೆ ಇವಳು ಅಲ್ಲೇ ಉಳಿಯಲು ತಾನೇ ಸ್ವತಂತ್ರವಾಗಿ ಅರ್ಜಿ ಹಾಕಬಹುದಿತ್ತು. ಆದರೆ ಭಾರತೀಯರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದವೆಂದು ಎಲ್ಲರಿಗೂ ಗೊತ್ತು. ಉಳಿದದ್ದು, ಅಪರಾಧಕ್ಕೆ ಬಲಿಯಾದವರಿಗೆ ಕೊಡುವ ಯು ವೀಸಾ. ವರ್ಷಕ್ಕೆ 10,000 ಮಾತ್ರ. ಅದಕ್ಕೆ ಪೊಲೀಸರ ದೃಢೀಕರಣ ಬೇಕು, ದೇಹಕ್ಕೋ ಮನಸ್ಸಿಗೋ ಗಣನೀಯ ಹಾನಿಯಾಗಿದೆ ಎಂಬುದಕ್ಕೆ ಪುರಾವೆ ಬೇಕು; ಮನಸ್ಸಿನ ಹಾನಿಗೆ ಪುರಾವೆಯೆಂದರೆ ಮತ್ತೆ ಅದೇ ವರದಿ. ಎಚ್-4ನಲ್ಲಿ ಎಲ್ಲರಿಗೂ ಕೆಲಸ ಮಾಡಲು ಅನುಮತಿಯಿಲ್ಲ. ಬ್ಯಾಂಕ್ ಕಾರ್ಡು ಗಂಡನ ಜೇಬಿನಲ್ಲಿ. ಆ ವರದಿಯ ಫೀಸು ಅವಳು ಎಲ್ಲಿಂದ ತರಬೇಕು?

ಹೇಗೋ ಹೊಂದಿಸಿಕೊಂಡು ಮನಶ್ಶಾಸ್ತ್ರಜ್ಞರ ಹತ್ತಿರ ಹೋದಳೆನ್ನಿ. ‘ಬೇಜಾರು’ ಅನ್ನುತ್ತಾಳೆ. ನಮಗೆ ಅದು ಸಿನಿಮಾ ಚೆನ್ನಾಗಿಲ್ಲದ್ದಕ್ಕೂ ಆಗುತ್ತದೆ, ಬದುಕು ಸಾಕೆನಿಸಿದ್ದಕ್ಕೂ ಆಗುತ್ತದೆ. ‘ಎದೆ ಉರಿಯುತ್ತೆ’ ಅಂದದ್ದು ಅರೆಬರೆ ಅನುವಾದದಲ್ಲಿ ಅಸಿಡಿಟಿಯಾಗಿ ಹೋಗುತ್ತದೆ. ‘ಅವರು ಸ್ವಲ್ಪ ಕೋಪದವರು’ ಎಂಬುದರ ಹಿಂದೆ ಎಷ್ಟು ಏಟುಗಳಿವೆ ಎಂದು ಕನ್ನಡ ಬಲ್ಲವರಿಗಷ್ಟೇ ಕೇಳುತ್ತದೆ.

ಅಮೆರಿಕದ ಕನ್ನಡಿಗರಲ್ಲಿ ಮನೋವೈದ್ಯರಿದ್ದೀರಿ, ಮನಶ್ಶಾಸ್ತ್ರಜ್ಞರಿದ್ದೀರಿ. ರಾಜ್ಯೋತ್ಸವಕ್ಕೆ ಊಟ ಹಾಕಿಸುವ ಸಂಘಗಳೂ ಇವೆ. ತಿಂಗಳಿಗೊಂದು ಭಾನುವಾರ ಈ ಕೆಲಸಕ್ಕೆ ಕೊಡಿ. ಫೀಸು ಕೇಳಬೇಡಿ, ಅವಳ ಮಾತು ಕನ್ನಡದಲ್ಲೇ ಕೇಳಿ.